ಅಮೀನಬಿ ಹಿಡಿದ ಕೈ

ಲಕ್ಷ್ಮೇಶ್ವರದ ಬಳೆಗಾರ್ತಿ ಅಮೀನಬಿಗೆ ಜನರ ಮಾತಿನ ಮೇಲೆ ನಂಬಿಕೆಯಿಲ್ಲ. ಇದ್ದರೆ ಅವರ ಕೈ ಮೇಲೆ. ಮೂವತ್ತು ವರ್ಷದಿಂದ ಗಾಜಿನ ಬಳೆಯ ಗಂಟು ಹೊತ್ತು, ಶಿರಹಟ್ಟಿ, ಮುಂಡರಗಿ ಕಡೆಯ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಿ, ಸಾವಿರಾರು ಹೆಂಗಸರ ಕೈ ಹಿಡಿದವಳು ಆಕೆ. ಬಳೆ ಇಡುವಾಗ ಕೈಯನ್ನು ಹಗುರಾಗಿ ಬಿಡಬೇಕು, ಇಲ್ಲದಿದ್ದರೆ ಬಳೆ ಏರುವುದಿಲ್ಲ. ಎಲ್ಲಾ ಆರಾಮ ಎಂದು ನಗುತ್ತ ಹೇಳುವ ಸೊಸೆಯ ಕೈ, ಅತ್ತೆ ಹೊಸ್ತಿಲಿಗೆ ಬಂದ ಕೂಡಲೇ ಬಿಗಿಯಾಯಿತೆಂದರೆ ಆ ಮನೆಯ ಬಂಡವಾಳ ಅಮೀನಬಿಗೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಹೆಣ್ಣು ಕೊಡುವವರು, ಹಿಂದೂಗಳಿರಲಿ ಮುಸಲ್ಮಾನರಿರಲಿ, ಗಂಡಿನ ಮನೆಯ ಬಗ್ಗೆ ಗುಟ್ಟಾಗಿ ಆಕೆಯನ್ನು ವಿಚಾರಿಸುತ್ತಾರೆ. ಮುಂಡರಗಿಯ ಒಂದು ಸಂಬಂಧಕ್ಕೆ ಎಲ್ಲರೂ ಭೇಷ್ ಅಂದಾಗ ಈಕೆಯೊಬ್ಬಳೇ ಬೇಡ ಅಂದಿದ್ದಳು. ವರ್ಷ ತುಂಬುವುದರೊಳಗೆ ಆ ಮನೆಯಲ್ಲಿ ಮೊದಲೇ ಇದ್ದ ಹಿರಿಸೊಸೆ ಗಂಡನನ್ನು ಬಿಟ್ಟು ತವರಿಗೆ ಹೋಗಿ ಕೂತಳು. ಅಂದಿನಿಂದ ಅಮೀನಬಿಯ ಸಂಶಯಕ್ಕೆ ಊರಿನಲ್ಲಿ ಮರ್ಯಾದೆ ಬಂತು. ಮನೆಯವರಿಗೆ ಮಾತ್ರ ಅದು ತಲೆನೋವಾಯಿತು.

ಇಂಥವಳ ಮಗಳು ಯಾಸ್ಮೀನಳಿಗೆ ಗಲ್ಫಿನ ಒಂದು ಶಾಲೆಯಿಂದ ಸ್ಪ್ಯಾನಿಷ್ ಕಲಿಸುವ ಕೆಲಸ ಬಂತು. ಹೈದರಾಬಾದಿನ ಹಾಸ್ಟೆಲಿನಲ್ಲಿದ್ದು ಆ ಭಾಷೆಯಲ್ಲೇ ಪದವಿ ಮುಗಿಸಿದ ಹುಡುಗಿ. ಎರಡು ವರ್ಷದಿಂದ ಮನೆಯಲ್ಲೇ ಕೂತು, ಲ್ಯಾಪ್‌ಟಾಪಿನಲ್ಲಿ ಯಾರ್ಯಾರದೋ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಪರದೇಶದ ನಲವತ್ತು ಶಾಲೆಗಳಿಗೆ ಅರ್ಜಿ ಹಾಕಿದ್ದಳು, ಕರೆದದ್ದು ಇದೊಂದೇ. ಅಪ್ಪ ಬುಡ್ಡೇಸಾಬ ಬಜಾರದಲ್ಲೆಲ್ಲ ಸುದ್ದಿ ಸಾರಿ ಪೇಢೆ ತಂದ. ಅಮೀನಬಿ ಪೇಢೆ ಮುಟ್ಟಲಿಲ್ಲ. ಆ ಭಾಷೆಯಲ್ಲೇ ಹುಟ್ಟಿ ಬೆಳೆದವರು ಅಷ್ಟೊಂದು ಮಂದಿ ಇರುವಾಗ ಲಕ್ಷ್ಮೇಶ್ವರದ ಹುಡುಗಿಯೇ ಏಕೆ ಬೇಕಾದಳು? ದೂರದಿಂದ ಹೆಣ್ಣು ಕೇಳಿಕೊಂಡು ಬಂದವರಿಗೆ ಹತ್ತಿರದವರು ಯಾಕೆ ಕೊಡಲಿಲ್ಲ ಎಂದು ಮೊದಲು ನೋಡಬೇಕೆನ್ನುವುದು ಆಕೆಯ ಪದ್ಧತಿ.

ಆಕೆಯ ಹೊಟ್ಟೆಯಲ್ಲಿ ಇನ್ನೊಂದು ಸಂಶಯವೂ ಇತ್ತು. ಅದನ್ನು ಬಾಯಿಬಿಟ್ಟು ಹೇಳಲು ಆಕೆಗೇ ನಾಚಿಕೆ. ಮಗಳಿಗೆ ಆ ಭಾಷೆ ನಿಜವಾಗಿ ಬರುತ್ತದೆಯೇ? ಇಲ್ಲಿಂದ ಗದಗಿನವರೆಗೆ ಹುಡುಕಿದರೂ ಅದನ್ನು ಒರೆಗೆ ಹಚ್ಚಿ ನೋಡುವವರು ಸಿಗಲಾರರು. ಇನ್ನು ಕಲಿಯುವ ಮಕ್ಕಳು ಏನು ತಪ್ಪು ಹಿಡಿದಾವು? ಪರದೇಶಕ್ಕೆ ಹೋಗಿ ನಾಲ್ಕು ಜನರೆದುರು ನಗೆಪಾಟಲಾದರೆ ಹುಡುಗಿಯ ಗತಿಯೇನು ಎಂದು ಆಕೆ ಒಳಗೊಳಗೇ ಹೆದರುತ್ತಿದ್ದಳು.

ಕೊನೆಗೆ ಸಂಬಂಧ ನೋಡುವಾಗ ಕೇಳುವುದನ್ನೇ ಇಲ್ಲಿಯೂ ಕೇಳಿದಳು.

"ನಿನಗಿಂತ ಮೊದಲ ಅಲ್ಲಿ ಕಲಸ್ತಿದ್ದಾಕಿ ಯಾರು? ಯಾಕ ಬಿಟ್ಟು ಹೋದ್ಲು? ಆಕಿ ಕೂಡ ಮಾತಾಡೋತನಕ ನಾ ಹೂಂ ಅನ್ನೂದಿಲ್ಲ."

ಯಾಸ್ಮೀನ ಮುಜುಗರ ಪಡುತ್ತಲೇ ಶಾಲೆಗೆ ಬರೆದು ಕೇಳಿದಳು. ಅದರ ಅಗತ್ಯವಿಲ್ಲ, ಶುಕ್ರವಾರದೊಳಗೆ ಸಹಿ ಮಾಡಿ ಕಳಿಸಿ ಎಂದು ಉತ್ತರ ಬಂತು. ಅದನ್ನು ಕೇಳಿ ಅಮೀನಬಿಯ ಸಂಶಯ ಇಮ್ಮಡಿಯಾಯಿತು. ಮಗಳು ಬೇರೆ ದಾರಿ ಕಾಣದೆ ಶಾಲೆಯ ಹಳೆಯ ಫೋಟೋ ಒಂದರ ಕೆಳಗೆ ಆ ಶಿಕ್ಷಕಿಯ ಹೆಸರು ಹುಡುಕಿ, ಇಂಟರ್ನೆಟ್ಟಿನಲ್ಲಿ ಆಕೆಯನ್ನೇ ಹಿಡಿದಳು. ಮೆಕ್ಸಿಕೋದ ಹೆಂಗಸು, ಈಗ ತನ್ನ ದೇಶಕ್ಕೆ ಮರಳಿದ್ದಳು. ಗುರುವಾರ ಸಂಜೆ ಏಳಕ್ಕೆ, ಅಲ್ಲಿ ಬೆಳಗಾಗಿದ್ದಾಗ, ವಿಡಿಯೋ ಕಾಲಿನಲ್ಲಿ ಸಿಕ್ಕಳು.

ಅಮೀನಬಿ ಮಗಳ ಪಕ್ಕದಲ್ಲೇ ಕೂತಳು. ಒಂದಕ್ಷರವೂ ತಿಳಿಯಲಿಲ್ಲ. ಮೊದಮೊದಲು ಆ ಹೆಂಗಸು ಏನೋ ಹೇಳಿ ಬಾಯಿತುಂಬ ನಕ್ಕಳು. ಆಮೇಲೆ ಯಾಸ್ಮೀನ ಏನೋ ಕೇಳಿದಳು, ಆಕೆಯ ನಗು ನಿಂತಿತು. ಕಾಫಿ ಕಪ್ಪು ಕೆಳಗಿಟ್ಟು ಬಹಳ ಹೊತ್ತು ಮಾತಾಡಿದಳು. ಕಾಲ್ ಮುಗಿದ ಮೇಲೆ ಯಾಸ್ಮೀನ ಹೇಳಿದ್ದು ಇಷ್ಟು: ಶಾಲೆ ಚೆನ್ನಾಗಿದೆಯಂತೆ, ತಾಯಿಗೆ ಆರಾಮಿಲ್ಲವೆಂದು ಊರಿಗೆ ಬಂದಳಂತೆ.

ಅಷ್ಟುದ್ದದ ಮಾತಿಗೆ ಇಷ್ಟೇ ಅರ್ಥವೇ? ಅಮೀನಬಿ ವಾದಕ್ಕೆ ಹೋಗಲಿಲ್ಲ. ಮೂಲೆಯಲ್ಲಿದ್ದ ಗಂಟು ಬಿಚ್ಚಿ ಹಸಿರು ಬಳೆ ಆರಿಸಿದಳು. ಊರು ಬಿಟ್ಟು ಹೋಗುವ ಹೆಣ್ಣುಮಕ್ಕಳನ್ನು ಬರಿಗೈಲಿ ಕಳಿಸಬಾರದು, ಕೈ ಕೊಡು ಎಂದಳು. ಮಗಳು ಖುಷಿಯಿಂದ ಕೊಟ್ಟಳು. ನಾಲ್ಕು ಬಳೆ ಸಲೀಸಾಗಿ ಏರಿದವು. ಐದನೆಯದನ್ನು ಏರಿಸುತ್ತ ಅಮೀನಬಿ ಕೇಳಿದಳು:

"ಆಕಿ ಏನಂದ್ಲು? ಇನ್ನೊಮ್ಮೆ ಹೇಳು."

ಯಾಸ್ಮೀನ ಅದನ್ನೇ ಹೇಳತೊಡಗಿದಳು. ತಾಯಿಯ ಹಿಡಿತದಲ್ಲಿದ್ದ ಕೈ ಕಟ್ಟಿಗೆಯಂತಾಯಿತು. ಬಳೆ ಚಟ್ಟೆಂದು ಎರಡಾಗಿ ಹೋಯಿತು. ಅಶುಭವೆಂದು ಬಳೆಗಾರರು ಒಡೆಯಿತು ಅನ್ನುವುದಿಲ್ಲ, ಹೆಚ್ಚಿತು ಅನ್ನುತ್ತಾರೆ. ಅಮೀನಬಿ ಅದನ್ನೂ ಅನ್ನದೆ ಮಗಳ ಮುಖ ನೋಡುತ್ತ ಕೂತಳು.

ಯಾಸ್ಮೀನ ಅಳುತ್ತ ಎಲ್ಲವನ್ನೂ ಹೇಳಿದಳು. ಆ ಶಿಕ್ಷಕಿ ಕೆಲಸಕ್ಕೆ ಸೇರಿದ ದಿನವೇ ಆಕೆಯ ಪಾಸ್‌ಪೋರ್ಟ್ ಇಸಿದುಕೊಂಡು ಶಾಲೆಯ ತಿಜೋರಿಯಲ್ಲಿಟ್ಟರಂತೆ. ತಾಯಿ ಹಾಸಿಗೆ ಹಿಡಿದಾಗ ಆಕೆ ಬೇಡಿಕೊಂಡರೂ ಕೊಡಲಿಲ್ಲವಂತೆ. ಐದು ವಾರದ ಮೇಲೆ ಅದು ಕೈಗೆ ಬಂದಾಗ ಅಲ್ಲಿ ತಾಯಿಯ ಮಣ್ಣೂ ಮುಗಿದಿತ್ತು.

"ಗೊತ್ತಿದ್ರೂ ಹೋಗಾಕಿ ಇದ್ದೆ, ಅಮ್ಮಾ. ಇದನ್ನ ಬಿಟ್ರ ನನ್ನ ಯಾರು ಕರೀತಾರ?"

ತನ್ನ ಸಂಶಯ ನಿಜವಾದದ್ದಕ್ಕೆ ಅಮೀನಬಿಗೆ ಮೊದಲ ಸಲ ದುಃಖವಾಯಿತು. ತಾನು ತಪ್ಪಿದ್ದರೆ ಚೆನ್ನಾಗಿತ್ತು ಅನಿಸಿತು. ಗಾಜು ತಗುಲಿದ ಮಗಳ ಕೈಯ ರಕ್ತವನ್ನು ಸೆರಗಿನಿಂದ ಒರೆಸಿದಳು. ಆ ಹೆಂಗಸು ಹೇಳಿದ್ದೆಲ್ಲ ನಿನಗೆ ತಿಳಿಯಿತೇ ಎಂದು ಮೆಲ್ಲಗೆ ಕೇಳಿದಳು. ಎಲ್ಲಾ ತಿಳಿಯಿತು ಅಂದಳು ಮಗಳು.

"ಮತ್ತ ನೀ ಅಂದದ್ದು ಆಕಿಗೆ?"

"ತಿಳೀತು. ನಮ್ಮ ಊರಾಗ ಹುಟ್ಟಿದಾಕಿ ಹಂಗ ಮಾತಾಡ್ತಿ ಅಂದ್ಲು. ಮೊದಲ ನಕ್ಕಿದ್ದು ಅದಕ್ಕ."

ಅಮೀನಬಿಯ ಕಣ್ಣು ತುಂಬಿದವು. ಗಾಜಿನ ಚೂರುಗಳನ್ನು ಒಟ್ಟುಮಾಡಿ ಪಕ್ಕಕ್ಕಿಟ್ಟು, ಇನ್ನೊಂದು ಬಳೆ ತೆಗೆದುಕೊಂಡು ಮಗಳ ಕೈಯನ್ನು ಮತ್ತೆ ಹಿಡಿದಳು. ಈ ಸಲ ಕೈ ಹಗುರಾಗಿತ್ತು. ಬಳೆ ತಾನಾಗಿ ಏರಿತು.

"ಹುಡುಗಿ ಚಲೋ ಅದಾಳ," ಎಂದಳು ಅಮೀನಬಿ. "ಮನಿ ಬ್ಯಾರೆ ನೋಡೂಣು."