ಡಾಸನ್ನು ಕರೆದ ಸಾಲು

"ನಾನೂರ ಹತ್ತನೇ ಸಾಲು ಒಂದು ತೆಗೀರಿ ಅಕ್ಕ, ಮತ್ತೆ ಎಲ್ಲ ಸರಿ ಉಂಟು" ಅಂದರು ಮಾಸ್ಟ್ರು.

ನಾನು ತೆಗೆಯಲಿಲ್ಲ. ಇಷ್ಟೇ ಹೇಳಿದರೆ ಹಟಮಾರಿ ಹೆಂಗಸು ಅಂತ ನೀವು ಅಂದುಕೊಳ್ಳಬಹುದು. ಅಂದುಕೊಳ್ಳಿ, ಬೇಡ ಅನ್ನುವುದಿಲ್ಲ. ಆ ಸಾಲಿನಲ್ಲಿ ಎಂತ ಇತ್ತು ಅಂತ ಕೇಳಿದ ಮೇಲೆ ಅಂದುಕೊಳ್ಳಿ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಪುತ್ತೂರು ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಜವಳಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಮಂಗಳೂರಿನಿಂದ ಬಂದ ಒಬ್ಬರು ಎರಡು ಕಂಪ್ಯೂಟರ್ ಇಟ್ಟು ತರಬೇತಿ ಶುರುಮಾಡಿದರು. ಪ್ರಾಯದಲ್ಲಿ ನನ್ನ ಕಡೇ ತಮ್ಮನಷ್ಟು. ಆದರೂ ಕಲಿಸುವವರು ಅಂದ ಮೇಲೆ ಮಾಸ್ಟ್ರೇ. ನನ್ನ ಗಂಡನೂ ಮಾಸ್ಟ್ರು, ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದರು. ಆ ಕೇಂದ್ರದ ಬೋರ್ಡು ಬರೆದುಕೊಟ್ಟವರು ಇವರೇ. ಬರೆದು ಮನೆಗೆ ಬಂದು, "ಮಧ್ಯಾಹ್ನ ಯಂತ್ರ ಖಾಲಿ ಇರ್ತದಂತೆ. ನೀನು ಹೋಗ್ತೀಯಾ?" ಅಂದರು. ಗುತ್ತಿಗಾರಿನಲ್ಲಿದ್ದ ತವರುಮನೆಯಿಂದ ಹೊರಗೆ ಹಾಸ್ಟೆಲಿನಲ್ಲಿ ನಿಂತು ಪಿಯುಸಿ ಸೈನ್ಸ್ ಪಾಸು ಮಾಡಿದವಳು ನಾನು. ಮದುವೆಯಾದ ಮೇಲೆ ಆ ಪಿಯುಸಿಗೆ ಸಾರು ಕುದಿಸುವ ಕೆಲಸ ಬಿಟ್ಟರೆ ಬೇರೆ ಕೆಲಸ ಸಿಕ್ಕಿರಲಿಲ್ಲ. ಅದನ್ನು ಇವರು ಮರೆತಿರಲಿಲ್ಲ ಎಂಬುದೇ ದೇವರು ನನಗೆ ಮಾಡಿದ ಒಂದು ಉಪಕಾರ.

ಅತ್ತೆ ಬೇಡ ಅನ್ನಲಿಲ್ಲ. "ಅಲ್ಲಿ ನೀರು ಕುಡೀಬೇಡ" ಅಂದರು, ಅಷ್ಟೇ. ನಾನು ಮನೆಯಿಂದಲೇ ತಂಬಿಗೆಯಲ್ಲಿ ಒಯ್ಯುತ್ತಿದ್ದೆ.

ಎಂಟು ಜನ ಕಲಿಯುತ್ತಿದ್ದೆವು. ಏಳು ಜನ ಗಂಡಸರು, ನಾನೊಬ್ಬಳು. ಕಲಿಯುತ್ತಿದ್ದದ್ದು ಬೇಸಿಕ್ ಎಂಬ ಭಾಷೆ. ಪ್ರತಿಯೊಂದು ಸಾಲಿಗೂ ನಂಬರು ಕೊಟ್ಟು, ಮಾಡಬೇಕಾದ್ದನ್ನು ಒಂದೊಂದಾಗಿ ಬರೆಯುವುದು. ಯಂತ್ರವನ್ನು ನಿಜವಾಗಿ ನಡೆಸುವುದು ಡಾಸ್ ಎಂಬ ಇನ್ನೊಂದು. ಫ್ಲಾಪಿಯಲ್ಲಿ ಯಾವ ಫೈಲು ಎಲ್ಲುಂಟು, ಗಂಟೆ ಎಷ್ಟು, ಪರದೆಗೆ ಎಂತ ಹೋಗಬೇಕು, ಎಲ್ಲ ಅದರ ಸುಪರ್ದಿ. ಬೇಸಿಕ್ ಅದರ ಮನೆಯಲ್ಲಿ ಬಿಡಾರ ಹೂಡಿದ ನೆಂಟ. ಮಾಸ್ಟ್ರು ಇದನ್ನು ಮೊದಲ ದಿನವೇ ಹೇಳಿ, ಮತ್ತೆ ಡಾಸಿನ ಸುದ್ದಿ ಎತ್ತಲಿಲ್ಲ.

ಕೊನೆಗೆ ಒಬ್ಬೊಬ್ಬರೂ ಒಂದೊಂದು ಪ್ರೋಗ್ರಾಂ ಬರೆದು, ಮಂಗಳೂರಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕು. ನನಗೆ ಆ ಪರೀಕ್ಷೆ ಬರಿಯ ಪರೀಕ್ಷೆಯಾಗಿರಲಿಲ್ಲ. ಹೆಂಗಸರಿಗೆ ಬೇರೆಯೇ ಒಂದು ತರಗತಿ ತೆಗೆಯುವ ಯೋಚನೆ ಮಾಸ್ಟ್ರಿಗೆ ಇತ್ತು. ಕಡಬದಿಂದ ಒಬ್ಬಳು, ನೆಲ್ಯಾಡಿಯಿಂದ ಅಕ್ಕತಂಗಿಯರಿಬ್ಬರು ಬಂದು ಕೇಳಿಕೊಂಡು ಹೋಗಿದ್ದರು. ಕಲಿಸುವುದು ಹೆಂಗಸಾದರೆ ಮಾತ್ರ ಮನೆಯಲ್ಲಿ ಕಳಿಸುತ್ತಾರೆ ಅಂದಿದ್ದರು. "ಫಸ್ಟ್ ಕ್ಲಾಸ್ ತೆಗೀರಿ ಅಕ್ಕ, ಆ ಕ್ಲಾಸು ನಿಮಗೇ" ಅಂದಿದ್ದರು ಮಾಸ್ಟ್ರು. ಅಂದಿನಿಂದ ನನಗೆ ಅದೇ ಧ್ಯಾನ. ಸುಳ್ಳು ಯಾಕೆ ಹೇಳಲಿ, ದೀಪ ಹಚ್ಚುವಾಗಲೂ ಅದೇ.

ನಮ್ಮ ಮಹಿಳಾ ಮಂಡಲಿಯಲ್ಲಿ ಎರಡು ಕಪಾಟು ಪುಸ್ತಕವಿತ್ತು, ನಾನೂರರ ಹತ್ತಿರ. ಯಾವುದು ಎಲ್ಲುಂಟು ಅಂತ ಯಾರಿಗೂ ಗೊತ್ತಿಲ್ಲ. ಅವುಗಳ ಹೆಸರನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅಕ್ಷರದ ಕ್ರಮದಲ್ಲಿ ಜೋಡಿಸಿಕೊಡುವ ಪ್ರೋಗ್ರಾಂ ಮಾಡಿದೆ. ಜೋಡಿಸುವ ಕ್ರಮ ಮಾಸ್ಟ್ರು ಕಲಿಸಿದ್ದೇ: ಅಕ್ಕಪಕ್ಕದ ಎರಡು ಹೆಸರು ನೋಡುವುದು, ಹಿಂದೆಮುಂದೆ ಇದ್ದರೆ ಅದಲುಬದಲು ಮಾಡುವುದು, ಕೊನೆಯವರೆಗೆ ಹೋಗಿ ಪುನಃ ಮೊದಲಿಂದ. ಹತ್ತು ಹೆಸರಿಗೆ ಚಂದ ಆಯಿತು. ನಾನೂರು ಹಾಕಿದೆ. ದೇವಿಯ ನೂರೆಂಟು ನಾಮ ಎರಡು ಸಲ ಹೇಳಿದರೂ ಪರದೆ ಅಲುಗಾಡಲಿಲ್ಲ. ಯಂತ್ರ ಸತ್ತಿತು ಅಂದುಕೊಂಡೆ. ಸತ್ತಿರಲಿಲ್ಲ, ಜೋಡಿಸುತ್ತಿತ್ತು.

ಮೇಜಿನ ಮೇಲೆ ಎರಡು ದಪ್ಪ ಪುಸ್ತಕ ಇದ್ದವು, ಬೇಸಿಕ್ಕಿನದ್ದು ಒಂದು, ಡಾಸಿನದ್ದು ಒಂದು. ಯಾರೂ ಮುಟ್ಟುತ್ತಿರಲಿಲ್ಲ. ಯಂತ್ರ ತಡಮಾಡುವಾಗಲೆಲ್ಲ ನಾನು ಅವನ್ನು ಓದುತ್ತ ಕೂತೆ. ಡಾಸಿನ ಪುಸ್ತಕದಲ್ಲಿ ಸಾರ್ಟ್ ಅಂತ ಒಂದು ಸಿಕ್ಕಿತು. ಹೆಸರುಗಳ ಒಂದು ಫೈಲು ಕೊಟ್ಟರೆ ಜೋಡಿಸಿ ಇನ್ನೊಂದು ಫೈಲಿನಲ್ಲಿ ಇಡುತ್ತದೆ. ಬೇಸಿಕ್ಕಿನ ಪುಸ್ತಕದಲ್ಲಿ ಶೆಲ್ ಅಂತ ಒಂದು ಸಿಕ್ಕಿತು. ಆ ಶಬ್ದ ಬರೆದು ಪಕ್ಕದಲ್ಲಿ ಡಾಸಿಗೆ ಹೇಳುವ ಮಾತು ಬರೆದರೆ, ಬೇಸಿಕ್ ತನ್ನ ಕೆಲಸ ನಿಲ್ಲಿಸಿ ಕಾಯುತ್ತದೆ. ಡಾಸ್ ಹೇಳಿದ್ದನ್ನು ಮಾಡಿ ಮುಗಿಸಿದ ಮೇಲೆ ಮುಂದಿನ ಸಾಲಿಗೆ ಹೋಗುತ್ತದೆ. ಎರಡು ಪುಸ್ತಕವನ್ನೂ ಮಡಿಲಲ್ಲಿ ಬಿಡಿಸಿಟ್ಟು ಎರಡು ಪುಟವನ್ನೂ ಒಟ್ಟಿಗೆ ಓದಿದೆ. ಮನೆಯ ಯಜಮಾನನಿಗೆ ಚೆನ್ನಾಗಿ ಬರುವ ಕೆಲಸವನ್ನು ನೆಂಟ ಯಾಕೆ ಏದುಸಿರು ಬಿಟ್ಟು ಮಾಡಬೇಕು?

ನಾನೂರ ಹತ್ತನೇ ಸಾಲಿನಲ್ಲಿ ಶೆಲ್ ಬರೆದೆ. ಫೈಲು ಸಿಗಲಿಲ್ಲ ಅಂತ ಬಂತು. ಡಾಸಿನ ಫ್ಲಾಪಿ ತೆಗೆದು ಬದಿಗಿಟ್ಟಿದ್ದೆ. ಯಜಮಾನ ಮನೆಯಲ್ಲಿ ಇಲ್ಲದೆ ಬಾಗಿಲು ಬಡಿದ ಹಾಗೆ. ಫ್ಲಾಪಿ ಹಾಕಿದೆ. ಈ ಸಲ ಕೆಲಸ ನಡೆಯಿತು, ಆದರೆ ಪಟ್ಟಿ ಖಾಲಿ. ಒಂದು ಹೆಸರೂ ಇಲ್ಲ. ಮೂರು ದಿನ ಖಾಲಿಯೇ ಬಂತು.

ನಾಲ್ಕನೇ ದಿನ ಮನೆಯಲ್ಲಿ ಮಾವನ ತಿಥಿ. ನಾನು ಮಡಿಯುಟ್ಟು ಅಡಿಗೆಮನೆಯಲ್ಲಿದ್ದೆ. ಮಡಿಯಲ್ಲಿರುವವರು ಕೈಯಿಂದ ಕೈಗೆ ಕೊಡುವ ಕ್ರಮವಿಲ್ಲ. ಪಾತ್ರೆಯನ್ನು ಹೊಸ್ತಿಲ ಹತ್ತಿರ ನೆಲದಲ್ಲಿಡಬೇಕು, ಕೈ ಬಿಡಬೇಕು, ಆಮೇಲೆ ಹೊರಗಿನವರು ಎತ್ತಿಕೊಳ್ಳಬೇಕು. ಆ ದಿನ ಅವಸರದಲ್ಲಿ ನಾನು ಪಾತ್ರೆ ಇಟ್ಟವಳು ಕೈ ಬಿಟ್ಟಿರಲಿಲ್ಲ. ಹೊರಗೆ ಇವರು ಬಗ್ಗಿದವರು ಬಗ್ಗಿಯೇ ನಿಂತಿದ್ದರು. "ಕೈ ಬಿಡು ಮಾರಾಯ್ತಿ, ನಾನು ಎತ್ತುದು ಹೇಗೆ?" ಅಂದರು.

ನನಗೆ ಅಲ್ಲೇ ಹೊಳೆಯಿತು. ಹೆಸರುಗಳನ್ನು ಫೈಲಿಗೆ ಬರೆದಿದ್ದೆ, ಆದರೆ ಫೈಲನ್ನು ಮುಚ್ಚಿರಲಿಲ್ಲ. ನನ್ನ ಕೈ ಇನ್ನೂ ಅದರ ಮೇಲೆಯೇ ಇತ್ತು. ಡಾಸ್ ಬಂದು ನೋಡಿದರೆ ಅದಕ್ಕೆ ಖಾಲಿ ಪಾತ್ರೆ. ಮರುದಿನ ಹೋಗಿ ಶೆಲ್ಲಿನ ಮೇಲೆ ಕ್ಲೋಸ್ ಅಂತ ಒಂದು ಸಾಲು ಸೇರಿಸಿದೆ. ಉಸಿರು ಹಿಡಿದು ಬಿಡುವುದರೊಳಗೆ ಪಟ್ಟಿ ಬಂತು, ಅಕ್ಷರಕ್ಕೆ ಅಕ್ಷರ ಕ್ರಮದಲ್ಲಿ. ಆ ಕೋಣೆಯಲ್ಲಿ ಯಾರಿಗೂ ಕಾಣದ ಹಾಗೆ ಕೈಮುಗಿದೆ.

ಮಾಸ್ಟ್ರು ನೋಡಿ ಮೊದಲು ಬೆರಗಾದರು. ಸಾಲುಗಳನ್ನು ಓದಿದ ಮೇಲೆ ಮುಖ ಸಣ್ಣದಾಯಿತು.

"ಇದು ಮೋಸ ಆಯ್ತಲ್ಲ ಅಕ್ಕ. ಜೋಡಿಸಿದ್ದು ನೀವಲ್ಲ."

"ಜೋಡಿಸಿದ್ದು ನಾನು ಅಂತ ಎಲ್ಲಿ ಬರೆದಿದ್ದೇನೆ?"

"ಬೇಸಿಕ್ ಪರೀಕ್ಷೆಗೆ ಬೇಸಿಕ್ಕೇ ಮಾಡ್ಬೇಕು. ಹೊರಗಿನವರನ್ನು ಕರೀಲಿಕ್ಕೆ ಇಲ್ಲ."

"ಪುಸ್ತಕದಲ್ಲಿ ಉಂಟಲ್ಲ ಮಾಸ್ಟ್ರೆ. ಬೇಸಿಕ್ಕಿನದ್ದೇ ಪುಸ್ತಕ."

"ಪುಸ್ತಕದಲ್ಲಿ ಸಾವಿರ ಉಂಟು" ಅಂದರು. ಆಮೇಲೆಯೇ ಆ ಸಾಲು ತೆಗೀರಿ ಅಂದದ್ದು. ತೆಗೆಯದಿದ್ದರೆ ಫಸ್ಟ್ ಕ್ಲಾಸ್ ಬರುವುದಿಲ್ಲ, ಫಸ್ಟ್ ಕ್ಲಾಸ್ ಬಾರದಿದ್ದರೆ ಹೆಂಗಸರ ತರಗತಿ ನನಗಿಲ್ಲ. ಬಿಡಿಸಿ ಹೇಳಿದರು. ಜೊತೆಗೆ ಕಲಿಯುವವರಲ್ಲಿ ಒಬ್ಬರು, "ಅಕ್ಕನಿಗೆ ಮನೆಯಲ್ಲಿ ಕೆಲಸ ಹೇಳಿ ಹೇಳಿ ಅಭ್ಯಾಸ" ಅಂತ ನಗಾಡಿದರು. ನನ್ನ ಮನೆಯಲ್ಲಿ ಕೆಲಸದವರಿಲ್ಲ ಅಂತ ಹೇಳಿ ಮೆಟ್ಟಿಲಿಳಿದೆ.

ಮನೆಯಲ್ಲಿ ತೆಂಗಿನಕಾಯಿ ತುರಿಯುತ್ತ ಇವರ ಹತ್ತಿರ ಎಲ್ಲ ಹೇಳಿದೆ. ಇವರು, "ಒಂದು ಸಾಲು ತಾನೆ, ತೆಗೆದು ಪರೀಕ್ಷೆ ಮುಗಿಸು. ಆಮೇಲೆ ಪುನಃ ಬರೆದರಾಯ್ತು" ಅಂದರು. ತಪ್ಪು ಮಾತಲ್ಲ. ಅತ್ತೆ ಒಳಗಿನಿಂದ ಕೇಳಿಸಿಕೊಂಡಿದ್ದರು. ಕಂಪ್ಯೂಟರ್ ಅಂದರೆ ಅವರಿಗೆ ಟೈಪಿನ ಯಂತ್ರ. ನಾನು ಜಗಲಿಯಲ್ಲಿ ಕಾಯಿ ತುರಿದು ತಡಮಾಡುತ್ತಿದ್ದೇನೆ ಅಂತ ಅವರಿಗೆ ಸಿಟ್ಟು ಬೇರೆ.

"ಇಷ್ಟು ವರ್ಷ ಪಾಯಸ ಮಾಡಿದೆ" ಅಂದರು. "ಕಾಯಿ ಸುಲಿದವ ಬಂದು, ಪಾಯಸ ಮಾಡಿದ್ದು ನಾನು ಅಂತ ಒಂದು ದಿನ ಹೇಳಲಿಲ್ಲ. ಆ ತುರಿ ಇಲ್ಲಿ ಕೊಡು ಈಗ."

ಆ ರಾತ್ರಿ ಊಟಕ್ಕೆ ಮೊದಲೇ ನಾನು ನಿರ್ಧಾರ ಮಾಡಿಯಾಗಿತ್ತು. ಜೋಡಿಸಲಿಕ್ಕೆ ಗೊತ್ತಿಲ್ಲದೆ ಕೇಳಿದ್ದಾದರೆ ಮಾಸ್ಟ್ರು ಹೇಳಿದ್ದು ಸರಿ. ನಾನು ಮೊದಲು ನಾನೇ ಜೋಡಿಸಿ, ಕಾದು, ಆಮೇಲೆ ಕೇಳಿದವಳು. ಮಾಡದೆ ಇರುವುದು ಬೇರೆ, ಬಾರದೆ ಇರುವುದು ಬೇರೆ.

ಪರೀಕ್ಷೆಯ ದಿನ ದೇವರ ದಯೆಯಿಂದ ಕರೆಂಟು ಹೋಗಲಿಲ್ಲ. ಅತ್ತೆಯ ಗಂಟುನೋವೂ ಕಡಿಮೆಯಿತ್ತು. ಪರೀಕ್ಷಕರು ತಲೆ ನರೆತವರು, ಮಾತು ಕಡಿಮೆ. ನನ್ನ ಪಟ್ಟಿ ಬಂದ ವೇಗ ನೋಡಿ ಕನ್ನಡಕ ಸರಿಮಾಡಿಕೊಂಡರು.

"ಇದು ಯಾರು ಜೋಡಿಸಿದ್ದು?"

"ಡಾಸ್, ಸರ್. ಜೋಡಿಸು ಅಂತ ಹೇಳಿದ್ದು ನಾನು."

"ಹಾಗಾದರೆ ಮಾರ್ಕು ಡಾಸಿಗೆ ಕೊಡ್ಬೇಕಲ್ಲ?"

ಹಿಂದಿನ ಬೆಂಚಿನಲ್ಲಿ ನಗು ಕೇಳಿತು. ನಾನು ಹೇಳಿದೆ. "ಕೊಡಿ ಸರ್. ಕೊಡುದಾದರೆ ಎಲ್ಲರದ್ದರಿಂದಲೂ ತೆಗೆದು ಕೊಡಿ. ಇವರ ಎಲ್ಲರ ಪ್ರೋಗ್ರಾಮಿನಲ್ಲೂ ಓಪನ್ ಅಂತ ಉಂಟು. ಫ್ಲಾಪಿ ತಿರುಗಿಸಿ ಫೈಲು ಹುಡುಕಿದ್ದು ಬೇಸಿಕ್ಕಾ? ಗಂಟೆ ಎಷ್ಟು ಅಂತ ಕೇಳಿದರೆ ಹೇಳುದು ಯಾರು? ಅದೂ ಡಾಸೇ. ಅವರು ಕೇಳಿದ್ದು ಕಾಣುದಿಲ್ಲ, ನಾನು ಕೇಳಿದ್ದು ಕಾಣ್ತದೆ. ಅಷ್ಟೇ ವ್ಯತ್ಯಾಸ."

ನಗು ನಿಂತಿತು. ಪರೀಕ್ಷಕರು ಡಾಸಿನ ಫ್ಲಾಪಿಯನ್ನು ಎಳೆದು ಕೈಯಲ್ಲಿ ಹಿಡಿದುಕೊಂಡು, "ಈಗ ಓಡಿಸಿ" ಅಂದರು. ಮಾಸ್ಟ್ರು ನನ್ನನ್ನು ನೋಡಿದರು. ಓಡಿಸಿದೆ. ಪ್ರೋಗ್ರಾಂ ಅರ್ಧಕ್ಕೆ ನಿಂತು, ಡಾಸ್ ಫ್ಲಾಪಿ ಹಾಕಿ ಒಂದು ಕೀಲಿ ಒತ್ತಿ ಅಂತ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಕೇಳಿತು. ಮೊದಲ ದಿನ ಬಾಗಿಲು ಬಡಿದು ಪೆಟ್ಟು ತಿಂದವಳಲ್ಲವೇ, ಅದಕ್ಕೊಂದು ದಾರಿ ಬರೆದಿಟ್ಟಿದ್ದೆ. ಅವರು ಫ್ಲಾಪಿಯನ್ನು ವಾಪಸು ಹಾಕಿದರು. ಪಟ್ಟಿ ಬಂತು.

ಆಮೇಲೆ ಒಂದು ಹಾಳೆ ಕೊಟ್ಟು, ಬೇಸಿಕ್ಕಿನಲ್ಲೇ ಜೋಡಿಸುವ ಸಾಲುಗಳನ್ನು ಕೈಯಿಂದ ಬರೆಯಲು ಹೇಳಿದರು. ಬರೆದೆ. ಓದಿದರು, ತಪ್ಪಿರಲಿಲ್ಲ.

"ನೋಡಿ ಅಮ್ಮ, ನಿಮಗೆ ಬರ್ತದೆ" ಅಂದರು. "ಆದರೆ ಜೋಡಿಸುದು ಪ್ರೋಗ್ರಾಮಿನೊಳಗೇ ಆಗ್ಬೇಕು ಅಂತ ನಿಯಮ ಉಂಟು. ಅರ್ಧ ಗಂಟೆ ಕೊಡ್ತೇನೆ. ಆ ಒಂದು ಸಾಲು ತೆಗೆದು, ಈ ಹಾಳೆಯಲ್ಲಿದ್ದದ್ದನ್ನು ಅಲ್ಲಿ ಹಾಕಿ. ಫಸ್ಟ್ ಕ್ಲಾಸ್ ಬರೆದು ಹೋಗ್ತೇನೆ."

ಹಾಳೆ ನನ್ನ ಕೈಯಲ್ಲೇ ಇತ್ತು. ಕಡಬದವಳ ಮುಖ ನೆನಪಾಯಿತು, ನೆಲ್ಯಾಡಿಯ ಅಕ್ಕತಂಗಿಯರದ್ದೂ. ಹತ್ತು ನಿಮಿಷದ ಕೆಲಸ. ಒಳಗೊಳಗೆ ದೇವರನ್ನು ಕೇಳಿದೆ. ದೇವರು ಇಂಥದ್ದಕ್ಕೆಲ್ಲ ಬಾಯಿಬಿಟ್ಟು ಹೇಳುವವನಲ್ಲ.

"ಬೇಡ ಸರ್" ಅಂದೆ. "ಇದು ಮಂಡಲಿಯ ಹೆಂಗಸರಿಗೆ ಮಾಡಿದ್ದು. ಮಂಡಲಿಗೂ ಒಂದು ದಿನ ಯಂತ್ರ ಬಂದೀತು. ಒಲೆಯಲ್ಲಿ ಅನ್ನ ಇಟ್ಟು ಪುಸ್ತಕಕ್ಕೆ ಬರುವವರು ಅವರು. ಅವರನ್ನು ಅಷ್ಟು ಹೊತ್ತು ನಿಲ್ಲಿಸಲಿಕ್ಕೆ ನನಗೆ ಮನಸ್ಸಿಲ್ಲ. ಸರಿ ಇರುವುದನ್ನು ತೆಗೆದು ನಿಧಾನದ್ದು ಹಾಕಿದರೆ ಅದೇ ಮೋಸ."

ಅವರು ಪೆನ್ನಿನ ಮುಚ್ಚಳ ತೆಗೆದು ಸೆಕೆಂಡ್ ಕ್ಲಾಸ್ ಅಂತ ಬರೆದರು. ಸಿಟ್ಟಿನಿಂದ ಬರೆದ ಹಾಗೆ ಕಾಣಲಿಲ್ಲ. ನಿಯಮ ಹಾಗೆ, ಬರೆದರು.

ಎಲ್ಲರೂ ಹೋದ ಮೇಲೆ ಮಾಸ್ಟ್ರು ಯಂತ್ರಗಳಿಗೆ ಬಟ್ಟೆ ಮುಚ್ಚುತ್ತಿದ್ದರು. ನಾನು ಹೋಗಲಿಲ್ಲ.

"ಆ ಮೂರು ಜನಕ್ಕೆ ಎಂತ ಹೇಳಲಿ?" ಅಂತ ಕೇಳಿದೆ.

"ಫಸ್ಟ್ ಕ್ಲಾಸ್ ಬೇಕು ಅಂತ ನಾನು ಹೇಳಿದ್ದೆ ಅಕ್ಕ."

"ಹೇಳಿದ್ದು ನೀವೇ ಅಲ್ವಾ. ಪರೀಕ್ಷೆಯವರ ನಿಯಮ ಅಲ್ಲ ಅದು. ನೀವು ಇಟ್ಟದ್ದು, ನೀವೇ ತೆಗೀಬಹುದು."

ಅವರು ಬಟ್ಟೆಯ ತುದಿ ಎಳೆದು ಸರಿಮಾಡಿದರು. ಹಾಳೆಯಲ್ಲಿ ನಾನು ಬರೆದದ್ದನ್ನು ಅವರೂ ಓದಿದ್ದರು. ಬೇರೆ ಕಲಿಸುವ ಹೆಂಗಸು ಅವರಿಗೆ ಪುತ್ತೂರಿನಲ್ಲಿ ಎಲ್ಲಿಂದ ಸಿಗಬೇಕು, ಅದೂ ಗೊತ್ತಿತ್ತು.

"ಒಂದು ಕಂಡೀಷನ್" ಅಂದರು ಕೊನೆಗೆ. "ಆ ಶೆಲ್ ಮಾತ್ರ ಅವರಿಗೆ ಹೇಳಿಕೊಡ್ಬೇಡಿ. ನಿಯಮ ಇರುವಾಗ ಅವರಿಗೂ ಮಾರ್ಕು ಹೋದೀತು."

"ನಿಯಮ ಉಂಟು ಅಂತಲೂ ಹೇಳ್ತೇನೆ, ಶೆಲ್ಲೂ ಹೇಳಿಕೊಡ್ತೇನೆ. ಪರೀಕ್ಷೆಗೆ ಯಾವುದು ಬರೀಬೇಕು ಅಂತ ಅವರು ನೋಡಿಕೊಳ್ಳಲಿ."

"ನಿಮ್ಮ ಹತ್ರ ಮಾತಾಡಿ ಪ್ರಯೋಜನ ಇಲ್ಲ ಮಾರಾಯ್ರೆ."

"ಇಲ್ಲ" ಅಂದೆ.

ಸೋಮವಾರ ಮೂರೂ ಜನ ಬಂದರು. ಕಡಬದವಳು ಬಸ್ಸಿನಲ್ಲಿ ಸೀಟು ಸಿಗದೆ ನಿಂತೇ ಬಂದಿದ್ದಳು. ಮಂಡಲಿಯ ಹತ್ತು ಪುಸ್ತಕ ಮೇಜಿನ ಮೇಲೆ ಸಾಲಾಗಿ ಇಟ್ಟು, ಎರಡೆರಡನ್ನು ನೋಡಿ ಕೈಯಿಂದಲೇ ಅದಲುಬದಲು ಮಾಡಿಸಿದೆ. ಮೂರು ದಿನ ಅದೇ. ನಾಲ್ಕನೇ ದಿನ ಕಪಾಟಿನ ಪೂರ್ತಿ ಪಟ್ಟಿಯನ್ನು ಯಂತ್ರಕ್ಕೆ ಹಾಕಿ, ಅವರೇ ಬರೆದ ಸಾಲುಗಳನ್ನು ಓಡಿಸಿ, ಮೂವರನ್ನೂ ಸುಮ್ಮನೆ ಕಾಯಿಸಿದೆ. ನೆಲ್ಯಾಡಿಯ ತಂಗಿ ಎರಡು ಸಲ ಆಕಳಿಸಿ, "ಅಕ್ಕ, ಇದಕ್ಕೆ ಬೇರೆ ದಾರಿ ಇಲ್ವಾ?" ಅಂತ ಕೇಳಿದಳು.

ಬಾಗಿಲ ಹತ್ತಿರ ಮಾಸ್ಟ್ರು ಬಂದು ನಿಂತಿದ್ದರು. ನಾನು ಅವರನ್ನು ನೋಡಿಯೇ ಚಾಕ್ ಕೈಗೆ ತೆಗೆದುಕೊಂಡೆ.