ನಾಲ್ಕು ಊರಲ್ಲಿ ಅಚ್ಚಾದ ಪತ್ರಿಕೆ

೧೯೯೭ರ ಆಗಸ್ಟಿನಲ್ಲಿ ರಘೋತ್ತಮ ಸುದ್ದಿಗೆಂದು ನವಿಲುತೀರ್ಥಕ್ಕೆ ಹೋಗಿ ಸವದತ್ತಿಗೆ ಮರಳುವಾಗ, ಸ್ಕೂಟರಿಗೆ ಲಾರಿ ಬಡಿದು ತೀರಿಕೊಂಡರು. ಅವರ ವಾರಪತ್ರಿಕೆ ‘ಪರಸಗಡ ದನಿ’ಗೆ ಬರೆಯುವವರು, ಅಚ್ಚಿನ ಮೊಳೆ ಜೋಡಿಸುವವರು, ಮಷಿನ್ ತಿರುಗಿಸುವವರು ಎಲ್ಲ ಅವರೇ. ಹೆಂಡತಿ ಸುಚೇತಾ ಹನ್ನೊಂದು ವರ್ಷ ಕರಡು ತಿದ್ದಿದ್ದಳು, ಅಷ್ಟೆ.

ಅವಳು ಅಳಲಿಲ್ಲ. ಕೂಡು ಎಂದಲ್ಲಿ ಕೂತಳು, ಏಳು ಎಂದಾಗ ಎದ್ದಳು.

ಐದನೆಯ ದಿನ ಬೈಲಹೊಂಗಲದ ನಿಜಗುಣಪ್ಪ ಬಂದರು. ಸುತ್ತಲಿನ ಊರುಗಳ ಸಣ್ಣ ಪತ್ರಿಕೆಗಳ ಸಂಘಕ್ಕೆ ಅವರು ಅಧ್ಯಕ್ಷರು. ಜೊತೆಗೆ ರಾಮದುರ್ಗದ ಸಂಪಾದಕ ಮಡಿವಾಳೆಪ್ಪ.

“ವೈನಿ, ತಪ್ಪ ತಿಳಕೋಬ್ಯಾಡ್ರಿ,” ಎಂದರು ನಿಜಗುಣಪ್ಪ. “ಪತ್ರಿಕಾ ನಿಂತರ ಸರಕಾರದ ಯಾದಿಯಿಂದ ಹೆಸರು ತಗದಬಿಡ್ತಾರ. ಹೊಳ್ಳಿ ಸೇರಸೂದು ಭಾಳ ತ್ರಾಸ ಐತಿ.”

“ಮಷಿನ್ ಯಾರ ತಿರಗಸ್ತಾರ್ರಿ?” ಸುಚೇತಾಳಿಗೆ ತನ್ನ ದನಿಯೇ ಪಕ್ಕದ ಮನೆಯಿಂದ ಕೇಳಿಸಿದಂತಾಯಿತು.

“ಅದನ್ನ ಸಂಘ ನೋಡ್ಕೋತೈತಿ. ಈ ವಾರ ನಮ್ಮಲ್ಲಿ, ಮುಂದಿನ ವಾರ ರಾಮದುರ್ಗದಾಗ, ಆಮ್ಯಾಲ ಕಿತ್ತೂರಾಗ ಬಸವಲಿಂಗನ ಪ್ರೆಸ್ಸಿನ್ಯಾಗ. ಪತ್ರಿಕಾದ ಹೆಸರಿನ ಬ್ಲಾಕ್ ಒಂದ ಕೊಡ್ರಿ, ಸಾಕು.”

ಅವಳು ಹೆಸರು ಕೊರೆದ ಆ ಅಚ್ಚಿನ ತುಂಡನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

ಎರಡು ದಿನಕ್ಕೆ ಮಡಿವಾಳೆಪ್ಪ ಬೈಲಹೊಂಗಲದಿಂದ ಕರಡು ತಂದರು. ಸಂಘದವರೆಲ್ಲ ಒಂದೊಂದು ಸುದ್ದಿ ಬರೆದುಕೊಟ್ಟಿದ್ದರು. ಮೊದಲ ಪುಟದಲ್ಲಿ ರಘೋತ್ತಮರ ಫೋಟೊ, ಕೆಳಗೆ ನಿಧನದ ಸುದ್ದಿ. ಸುಚೇತಾ ಸಂತೆಯ ಧಾರಣೆ ಓದುವ ಹಾಗೆಯೇ ಅದನ್ನೂ ಓದಿದಳು. ಒಂದು ಕಡೆ ಪೆನ್ನು ನಿಂತಿತು.

“ವಯಸ್ಸು ಮೂವತ್ನಾಕಲ್ಲ, ನಲವತ್ಮೂರು. ಅಂಕಿ ಹಿಂದ ಮುಂದ ಆಗ್ಯಾವ.”

ಮಡಿವಾಳೆಪ್ಪ ಹೆಗಲ ಮೇಲಿನ ವಲ್ಲಿಯಿಂದ ಕಣ್ಣೊರೆಸಿಕೊಂಡರು. ಅವರ ಕಣ್ಣಿಗೆ ಧೂಳು ಬಿದ್ದಿರಬೇಕು ಎಂದುಕೊಂಡಳು ಅವಳು. “ಚಹಾ ಮಾಡ್ಲೇನ್ರಿ?” ಎಂದಳು.

ಹದಿಮೂರು ವಾರ ಹೀಗೆಯೇ ನಡೆಯಿತು. ಮನೆಯಲ್ಲಿ ಕೂತರೂ ಒಂದೇ, ಬಸ್ಸಿನಲ್ಲಿ ಕೂತರೂ ಒಂದೇ ಎಂದು ಎರಡನೆಯ ತಿಂಗಳಿಂದ ಕರಡು ತಿದ್ದಲು ಅವಳೇ ಆಯಾ ಊರಿಗೆ ಹೋಗತೊಡಗಿದಳು. ಮೊಳೆಗಳ ಪೆಟ್ಟಿಗೆಯ ಎದುರು ನಿಲ್ಲುತ್ತಿದ್ದಳು. ಕೈಗಳು ತಾವಾಗಿ ಅಕ್ಷರ ಹೆಕ್ಕಲು ಕಲಿತವು.

ನವೆಂಬರಿನಲ್ಲಿ ಕಿತ್ತೂರಲ್ಲಿ ಸಂಘದ ಸಭೆ ಸೇರಿತು. ಸರಕಾರದ ದಾಖಲೆಯಲ್ಲಿ ಪ್ರಕಾಶಕರು ಇನ್ನೂ ರಘೋತ್ತಮರೇ; ಆ ಹೆಸರು ಈಗ ಬದಲಾಗಲೇಬೇಕಿತ್ತು. “ಯಾರರ ಬ್ಯಾರೆಯವರಿಗೆ ವಹಿಸಿಕೊಟ್ರ ಚಲೋ. ಅಕ್ಕಾರಿಗೆ ಈ ಉಸಾಬರಿ ಯಾಕ?” ಎಂದರು ಬಸವಲಿಂಗ. ಅವರ ಮಾತಿನಲ್ಲಿ ಕೆಡುಕಿರಲಿಲ್ಲ. ಇನ್ನಿಬ್ಬರು ಹೌದೆಂದು ತಲೆಯಾಡಿಸಿದರು.

ನಿಜಗುಣಪ್ಪ ಹಿಂದಿನ ಕುರ್ಚಿಯಲ್ಲಿ ಕೂತಿದ್ದ ಸುಚೇತಾಳ ಕಡೆ ತಿರುಗಿದರು. “ವೈನಿ, ನೀವೇನ ಅಂತೀರಿ?”

“ಮೊಳಿ ಜೋಡಸೂದು ಬರ್ತದ. ಮಷಿನ್ ಒಬ್ಬರು ತೋರಿಸಿಕೊಟ್ರ ಕಲೀತೇನಿ. ನನ್ನ ಹೆಸರಿಲೇ ಅರ್ಜಿ ಹಾಕ್ರಿ.”

ಬಸ್ಸಿನ ಸಮಯ ಹೇಳುವವಳಂತೆ ಹೇಳಿದಳು. ನಿಜಗುಣಪ್ಪ ಅರ್ಜಿಯ ಹಾಳೆ ಮುಂದಕ್ಕೆಳೆದುಕೊಂಡರು.

ಡಿಸೆಂಬರಿನ ಮೊದಲ ಗುರುವಾರ ಪತ್ರಿಕೆ ಮತ್ತೆ ಸವದತ್ತಿಯಲ್ಲೇ ಅಚ್ಚಾಯಿತು. ಮಡಿವಾಳೆಪ್ಪ ವಾರವಿಡೀ ಉಳಿದು ಮಷಿನ್ ಕಲಿಸಿದರು. ಸಂಪಾದಕಿ ಎಂದು ತನ್ನ ಹೆಸರು ಕಂಡಾಗ ಸುಚೇತಾ ಅದರಲ್ಲಿ ಕಾಗುಣಿತದ ತಪ್ಪಿದೆಯೇ ಎಂದಷ್ಟೇ ನೋಡಿದಳು.

ಒಂಬತ್ತು ವರ್ಷ ಅವಳು ಪತ್ರಿಕೆ ನಡೆಸಿದಳು. ಸಂಘದ ಕಾರ್ಯದರ್ಶಿಯೂ ಆದಳು. ಆ ಹದಿಮೂರು ಸಂಚಿಕೆಗಳು ಕಪಾಟಿನಲ್ಲಿವೆ. ಮೊದಲನೆಯದನ್ನು ತೆರೆದು ನಿಧನದ ಸುದ್ದಿ ಓದಿದರೆ ಈಗಲೂ ಅವಳಿಗೆ ಅದು ಬೇರೆ ಯಾರದೋ ಮನೆಯ ಸುದ್ದಿ ಅನ್ನಿಸುತ್ತದೆ.