ಔರಾದಿನಿಂದ ನೂರಾ ಹನ್ನೆರಡು ಪ್ರಶ್ನೆ

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ ಹೆಂಗಸನ್ನು ಕೈ ಹಿಡಿದು ಕೆಳಗಿಳಿಸಿದ್ದೀರಾ? ಕಳೆದ ವಾರ ಔರಾದ್ ಬಸ್ ನಿಲ್ದಾಣದಲ್ಲಿ ನಾನು ಅದನ್ನೇ ಮಾಡಿದೆ. ತಪ್ಪು ನನ್ನದೇ ಆಗಿತ್ತು.

ಮೊದಲು ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಬೀದರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿಗೆ ಸಾಫ್ಟ್‌ವೇರ್ ಬರೆಯುತ್ತೇನೆ. ಭಾಲ್ಕಿ, ಔರಾದಿನಲ್ಲಿ ರಕ್ತ ತೆಗೆದು ಇಲ್ಲಿಗೆ ಕಳಿಸುತ್ತಾರೆ. ರಿಪೋರ್ಟನ್ನು ಅಲ್ಲಿನ ಕಂಪ್ಯೂಟರಿನಲ್ಲೇ ತೆರೆದು, ಪ್ರಿಂಟ್ ಮಾಡಿ ಕೊಡುತ್ತಾರೆ.

ಎರಡೂ ಕಡೆಯಿಂದ ಒಂದೇ ದೂರು: ಸ್ಲೋ. ನನ್ನ ಉತ್ತರವೂ ಒಂದೇ: "ನೆಟ್‌ವರ್ಕ್ ಪ್ರಾಬ್ಲಂ." (ರಿಪೋರ್ಟುಗಳನ್ನೆಲ್ಲ ಇಟ್ಟಿರುವ ಸರ್ವರ್ ಇರುವುದು ನನ್ನ ಪಕ್ಕದ ಕೋಣೆಯಲ್ಲಿ. ನನ್ನ ಟೇಬಲ್ಲಿಗೆ ರಿಪೋರ್ಟ್ ಚಿಟಿಕೆ ಹೊಡೆಯುವಷ್ಟರಲ್ಲಿ ಬರುತ್ತಿತ್ತು!)

ಕೊನೆಗೆ ಔರಾದ್ ಸೆಂಟರಿನ ರೆಹಾನಾ ಫೋನಿನಲ್ಲಿ ರೇಗಿದಳು. "ಮೇಡಂ, ಒಮ್ಮಿ ಇಲ್ಲಿ ಬಂದು ಕುಂದರ್ರಿ. ಆಮ್ಯಾಲ ಹೇಳ್ರಿ ನೆಟ್‌ವರ್ಕ್ ಅಂತ."

ಹೋದೆ. ಕೂತೆ.

ಬೆಂಚಿನ ಮೇಲೆ ಚಿಂತಾಕಿ ಊರಿನ ಕಮಲಾಬಾಯಿ. ಏಳು ತಿಂಗಳ ಬಸುರಿ ಸೊಸೆ ಸಂಗೀತಾ ಹಿಂದಿನ ದಿನ ರಕ್ತ ಕೊಟ್ಟು ಹೋಗಿದ್ದಳು. ರಿಪೋರ್ಟಿಗೆ ಅತ್ತೆ ಬಂದಿದ್ದರು. ಅವರ ಮುಂದೆ ಇನ್ನೂ ಐದು ಜನ. ಒಬ್ಬೊಬ್ಬರಿಗೂ ಪರದೆಯ ಮೇಲೆ ಚಕ್ರ ತಿರುಗುತ್ತದೆ. ತಿರುಗುತ್ತಲೇ ಇರುತ್ತದೆ. ನಾನು ಎದ್ದೆ, ಕೂತೆ, ಮತ್ತೆ ಎದ್ದೆ.

ತಮ್ಮ ಸರದಿ ಬಂದಾಗ ಕಮಲಾಬಾಯಿ ಎದ್ದು ನಿಂತರು. ಚಕ್ರ ತಿರುಗಿತು. ಅವರು ಗಡಿಯಾರ ನೋಡಿದರು. "ಅಕ್ಕಾ, ಬಸ್ ಹೋಗ್ತದರಿ. ನಾಳಿ ಬರ್ತೇನಿ, ಇಲ್ಲಂದ್ರ ಸೋಮವಾರ."

"ಜರಾ ತಡೀರಿ, ಬರ್ತದ," ಎಂದಳು ರೆಹಾನಾ. ಅವರು ಹೊರಟೇಬಿಟ್ಟರು.

ಆಮೇಲೆ ಪುಟ ತೆರೆಯಿತು. ಪ್ಲೇಟ್‌ಲೆಟ್, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳ ಸಾಲಿನಲ್ಲಿ ಸಂಖ್ಯೆ ಕೆಂಪಗಿತ್ತು. ರೆಹಾನಾ ಅದರ ಮೇಲೆ ಬೆರಳಿಟ್ಟಳು. "ಮೇಡಂ, ಇದು ಭಾಳ ಕಡಿಮಿ ಅದರಿ. ಸೋಮವಾರ ತನಕ ಬಿಡೋ ಹಂಗಿಲ್ಲ."

ಕಮಲಾಬಾಯಿಯ ಫೋನ್ ಸ್ವಿಚ್ ಆಫ್. ಇಬ್ಬರೂ ಓಡಿದೆವು. ಹಿಂದೆ ನಾನು ಅಷ್ಟು ಓಡಿದ್ದು ಶಾಲೆಯಲ್ಲಿದ್ದಾಗಲೇ ಇರಬೇಕು. ಚಿಂತಾಕಿ ಬಸ್ಸಿನ ಬಾಗಿಲಲ್ಲಿ ಅವರ ಕೈ ಸಿಕ್ಕಿತು.

"ಯಾಕ್ರಿ, ಏನಾಯ್ತು?" ಎಂದರು. ಹೇಳಿದಾಗ ಅಳಲಿಲ್ಲ. "ಮಗಗ ಫೋನ್ ಹಚ್ರಿ ಜಲ್ದಿ," ಎಂದರು. ಮಗ ಜೀಪಿನಲ್ಲಿ ಸಂಗೀತಾಳನ್ನು ಕರೆತಂದ. ಔರಾದಿನ ಡಾಕ್ಟರು ನೋಡಿ, ಆಗಲೇ ಬೀದರಿಗೆ ಕಳಿಸಿದರು. ಈಗ ಆಸ್ಪತ್ರೆಯಲ್ಲಿದ್ದಾಳೆ. ತಾಯಿಗೂ ಹೊಟ್ಟೆಯಲ್ಲಿರುವ ಕೂಸಿಗೂ ಅಪಾಯವಿಲ್ಲವಂತೆ.

ಸೆಂಟರಿಗೆ ಮರಳಿ ಬಂದು, ಕಂಪ್ಯೂಟರ್ ಒಳಗೆ ಏನು ನಡೆಯುತ್ತಿದೆ ಎಂದು ಒಂದೊಂದೇ ಸಾಲು ನೋಡಿದೆ. ನಮ್ಮ ಪ್ರೋಗ್ರಾಂ ಮತ್ತು ಬೀದರಿನ ಸರ್ವರಿನಲ್ಲಿ ರಿಪೋರ್ಟುಗಳಿರುವ ಡೇಟಾಬೇಸ್ ನಡುವೆ ಪ್ರಶ್ನೆ ಒಯ್ದು ಉತ್ತರ ತರುವ ಸಾಫ್ಟ್‌ವೇರ್ ಒಂದಿರುತ್ತದೆ. ಡ್ರೈವರ್ ಅನ್ನುತ್ತೇವೆ. ("ಡ್ರೈವರಂದೇ ಗಲ್ತಿ ಏನ್ರಿ?" ಎಂದಳು ರೆಹಾನಾ. ಅಲ್ಲಮ್ಮ, ತಪ್ಪು ಅದನ್ನು ಹಾಗೆ ಓಡಿಸಿದವಳದು.)

ಸಂಗೀತಾಳ ರಿಪೋರ್ಟಿನಲ್ಲಿ ಇಪ್ಪತ್ತೆಂಟು ಸಾಲು. ಪ್ರತಿ ಸಾಲಿಗೂ ಡ್ರೈವರ್ ನಾಲ್ಕು ಸಲ ಬೀದರಿಗೆ ಹೋಗಿ ಬರುತ್ತಿತ್ತು. ಸರ್ವರನ್ನು "ಇದ್ದೀಯಾ" ಎಂದು ಕೇಳಲು ಒಮ್ಮೆ. ಪ್ರಶ್ನೆ ಸಿದ್ಧಮಾಡಿಸಲು ಒಮ್ಮೆ. ಉತ್ತರ ತರಲು ಒಮ್ಮೆ. ಮುಗಿಯಿತು ಎಂದು ಹೇಳಲು ಮತ್ತೊಮ್ಮೆ. ಒಟ್ಟು ನೂರಾ ಹನ್ನೆರಡು ಸಲ! ಸರ್ವರಿಗೆ ಅದು ಕೆಲಸವೇ ಅಲ್ಲ. ಸಮಯವೆಲ್ಲ ಹೋಗಿ ಬರುವುದರಲ್ಲೇ ಸೋರಿಹೋಗುತ್ತಿತ್ತು. ಆ "ಇದ್ದೀಯಾ" ಸೆಟ್ಟಿಂಗ್ ಹಾಕಿದ್ದು ನಾನೇ. ಲೈನ್ ಕಟ್ಟಾದೀತೆಂಬ ಅಂಜಿಕೆಗೆ.

ಇಪ್ಪತ್ತೆಂಟು ಸಾಲನ್ನೂ ಒಂದೇ ಪ್ರಶ್ನೆಯಲ್ಲಿ ಕೇಳುವಂತೆ ಬದಲಿಸಿದೆ. ಲೈನ್ ಬಹಳ ಹೊತ್ತು ಸುಮ್ಮನಿದ್ದರೆ ಮಾತ್ರ "ಇದ್ದೀಯಾ." ಒಮ್ಮೆ ಸಿದ್ಧವಾದ ಪ್ರಶ್ನೆಯನ್ನು "ಮುಗಿಯಿತು" ಎನ್ನದೆ ಮುಂದಿನ ರಿಪೋರ್ಟಿಗೂ ಹಾಗೇ ಇಟ್ಟುಕೊಂಡೆ. ಅರ್ಧ ದಿನದ ಕೆಲಸ, ಅಷ್ಟೇ. ಈಗ ಭಾಲ್ಕಿಯಲ್ಲೂ ಔರಾದಿನಲ್ಲೂ ರಿಪೋರ್ಟ್ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯುತ್ತದೆ.

ಆದರೆ ನನಗೆ ನೆಮ್ಮದಿ ಇಲ್ಲ. ಊಟಕ್ಕೆ ಕೂತರೂ ಒಂದೇ ಯೋಚನೆ. ಕಮಲಾಬಾಯಿಗಿಂತ ಮೊದಲು ಹೀಗೆ ಎದ್ದು ಹೋದವರು ಎಷ್ಟು ಜನ? ರೆಹಾನಾಳನ್ನು ಕೇಳಿದೆ.

"ಯಾರು ಎಣಿಸ್ಯಾರ್ರಿ ಮೇಡಂ? ಕೆಲವ್ರು ಮರದಿನ ಬಂದ್ರು. ಕೆಲವ್ರು ಬರಲೇ ಇಲ್ಲ."

ಪ್ರಿಂಟ್ ಆಗದೇ ಉಳಿದ ರಿಪೋರ್ಟುಗಳ ಪಟ್ಟಿ ತೆಗೆದಿದ್ದೇನೆ. ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದೇನೆ. ಎದ್ದು ಹೋದವರು ದೂರು ಕೊಡುವುದಿಲ್ಲ ಎಂಬುದು ನನಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲ?